ಲೈಟು ಹಿಡಿಯುವವ

ಮೂರು ಗಂಟೆಯ ಮದುವೆಗೆ ಮೂರು ಗಂಟೆಯೇ ಬೇಕು.
ಅವಸರ ಮಾಡಿದರೆ ಬರುವುದಿಲ್ಲ ಅದು,
ಹೋದ ನಡಿಗೆಯಲ್ಲೇ ಬರಬೇಕು ತಿರುಗಿ.
ಹಾಗಾಗಿ ಚಾ ಮಾಡಿಟ್ಟುಕೊಂಡು ಕೂತಿದ್ದೇನೆ
ಬಿಜೈ ಮನೆಯ ಈ ಹಿಂದಿನ ಕೋಣೆಯಲ್ಲಿ.
ಒಂದು ಕಡೆ ಕಂಪ್ಯೂಟರು, ಇನ್ನೊಂದು ಕಡೆ
ಲಿಗೋರಿ ಸಾಯುವ ಮೊದಲು ಕೊಟ್ಟ ವಿ.ಸಿ.ಆರ್.
ಬೆಲ್ಟು ಹೋಗಿ ವರ್ಷವಾಯಿತು,
ಈಗ ಓಡುವುದು ಮಗಳ ಜಡೆಯ ರಬ್ಬರಿನಲ್ಲಿ.

ನಮ್ಮ ಕಡಲ ಗಾಳಿಗೆ ಟೇಪಿಗೂ ಬೂಸ್ಟು,
ತೇವದ ಸೌಟು ಹಾಕಿದ ಉಪ್ಪಿನಕಾಯಿಗೆ ಹಿಡಿದ ಹಾಗೆ.
ಸ್ಪಿರಿಟ್ಟು, ಹತ್ತಿ.
ಗೇಣು ಗೇಣಾಗಿ ಒರೆಸಬೇಕು.
ಯಾರ ಮುಖ ಒರೆಸುತ್ತಿದ್ದೇನೆಂದು
ಒರೆಸುವಾಗ ತಿಳಿಯುವುದಿಲ್ಲ.

ಈ ಕ್ಯಾಸೆಟ್ಟು ತಂದವಳು ಬೆಂಗ್ರೆಯ ಜಲಜಾಕ್ಷಿ,
ಫೆರ್ರಿ ದಾಟಿ, ಎರಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ.
"ಮದುವೆ ಬೇಡ ನನಗೆ," ಅಂದಳು,
"ಅದು ಕೋರ್ಟಿನಲ್ಲಿ ಮುಗಿದಾಯಿತು.
ಅಮ್ಮ ಎಲ್ಲಿಯಾದರೂ ಇದ್ದಾರಾ ನೋಡಿ.
ಅವರದ್ದು ಒಂದು ಫೋಟೋ ಸಹ ಇಲ್ಲ,
ರೇಷನ್ ಕಾರ್ಡಿನಲ್ಲಿ ಇರುವುದು ಬರೇ ಮಸಿ."

ಆ ಮದುವೆಗೆ ನಾನೂ ಹೋಗಿದ್ದೆ.
ಹೇಳಲಿಲ್ಲ.
ತೊಂಬತ್ತೆರಡರ ಮೇ. ದೋಣಿಯಲ್ಲಿ
ಮಗುವಿನಂತೆ ಮಡಿಲಲ್ಲಿ ಬ್ಯಾಟರಿ.
ಹದಿನೇಳರ ದೂಮಪ್ಪ, ಲೈಟು ಹಿಡಿಯುವವ,
ದಿನಕ್ಕೆ ಮೂವತ್ತು ರೂಪಾಯಿ ಮತ್ತು ಊಟ.

ಲೈಟು ಹಿಡಿಯುವವ ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ.
ಆದರೆ ಅವರೆಲ್ಲ ಕಣ್ಣು ಕಿರಿದು ಮಾಡಿದ್ದು ನನ್ನಿಂದ,
ಮದುಮಗನ ಮೂಗಿನ ಮೇಲಿನ ಬೆವರು ನನ್ನಿಂದ,
ಗೋಡೆ ಹತ್ತಿ ಮಾಡಿಗೆ ತಲುಪಿದ ನೆರಳುಗಳೂ.

ಓಡುತ್ತಿದೆ.
ಮುಯ್ಯಿಯ ಕವರು ಕೊಟ್ಟು ಕ್ಯಾಮೆರಾಕ್ಕೆ ತಿರುಗಿ
ಫೋಟೋ ಅಂದುಕೊಂಡು ಉಸಿರು ಕಟ್ಟಿ ನಿಲ್ಲುವವರು.
"ನಡೀರಿ, ನಡೀರಿ," ಲಿಗೋರಿಯ ದನಿ.
ಅಮ್ಮ?
ಬಾಗಿಲಲ್ಲಿ ಮರೆಯಾಗುವ ಸೆರಗು ಒಂದು.
ಕೊಡಪಾನದ ಹಿಂದೆ ಎರಡು ಮೊಣಕೈ.
ಅವರೋ, ಬೇರೆ ಯಾರೋ.

ಎರಡು ಗಂಟೆ ಹತ್ತು ನಿಮಿಷಕ್ಕೆ ಕರೆಂಟು ಹೋಯಿತು.
ಪುನಃ ಮೊದಲಿನಿಂದ.
ಒಂದೇ ದಿನ ಎರಡು ಸಲ ಧಾರೆ ಎರೆದರು ಅವಳನ್ನು.

ಎರಡು ಗಂಟೆ ಹದಿನಾಲ್ಕನೇ ನಿಮಿಷ:
ಮದುಮಗಳು ಕಪ್ಪಾದಳು.
ಕತ್ತಲೆಯಲ್ಲಿ ಲಿಗೋರಿ, ಸತ್ತು ಆರು ವರ್ಷದ ಲಿಗೋರಿ,
"ದೂಮಾ! ಲೈಟು ಎಲ್ಲಿಗೆ ಹೋಯಿತಾ ಮಾರಾಯಾ?"
ಅಂತ ಬೈಯುತ್ತಲೇ
ಕ್ಯಾಮೆರಾವನ್ನು ಬೆಳಕಿನ ಹಿಂದೆ ತಿರುಗಿಸಿದ.

ಅಡುಗೆ ಕೋಣೆಯ ಬಾಗಿಲು. ಹೊಗೆ.
ಮುಖಕ್ಕೆ ಅಡ್ಡ ಹಿಡಿದ ಒಂದು ಅಂಗೈ,
ಅರಸಿನ ಹತ್ತಿದ್ದು, ಗೆರೆಗೆರೆ.
ಬೆರಳ ಸಂದಿಯಲ್ಲಿ ಒಂದು ಕಣ್ಣು.
"ಬೊಡ್ಚಿ ಮಗಾ, ಬೊಡ್ಚಿ."
ನಾಲ್ಕು ಸೆಕೆಂಡು. ಮತ್ತೆ ಮದುಮಗಳು.

ನಾನ್ಯಾಕೆ ತಿರುಗಿಸಿದೆ ಆಗ?
ಕರುಣೆ ಗಿರುಣೆ ಏನೂ ಅಲ್ಲ.
ಬೆಳಿಗ್ಗೆಯಿಂದ ಹೊಟ್ಟೆ ಖಾಲಿ,
ಒಳಗೆ ಒಗ್ಗರಣೆ ಚಟಪಟ ಅಂದಿರಬೇಕು,
ಕೈ ಆ ಕಡೆ ಹೋಯಿತು.

ನಾಲ್ಕು ಸೆಕೆಂಡು ಮಾತ್ರ ಇಡೀ ಡಿಸ್ಕಿಗೆ.
ಬಾಕಿ ಅಷ್ಟೂ ಖಾಲಿ,
ಆಟ ಮುಗಿದ ನೆಹರೂ ಮೈದಾನದ ಹಾಗೆ.

ಜಲಜಾಕ್ಷಿ ಮೂರು ಸಲ ನೋಡಿದಳು.
ಅಳಲಿಲ್ಲ. ಸ್ಕ್ರೀನಿನ ಕೈಗೆ ತನ್ನ ಕೈ ಹಿಡಿದು
ಅಳತೆ ನೋಡಿದಳು, ಚಪ್ಪಲಿ ಅಂಗಡಿಯಲ್ಲಿ ನೋಡುವ ಹಾಗೆ.
ಆಮೇಲೆ, "ದೂಮ ಅಂದರೆ ಯಾರು?"
"ನಾನೇ."
ಸ್ವಲ್ಪ ಹೊತ್ತು ಫ್ಯಾನು ಮಾತ್ರ.
"ಎಷ್ಟಾಯಿತು ನಿಮ್ಮದು?"
"ಊಟ ಅವತ್ತೇ ಆಗಿದೆ," ಅಂದೆ.
ಅವಳು ಕೇಳಲಿಲ್ಲ, ಇನ್ನೂರು ಇಟ್ಟೇ ಹೋದಳು.

ಕ್ಯಾಸೆಟ್ಟು ಬಿಟ್ಟು ಹೋಗಿದ್ದಳು.
ನನ್ನ ಹೆಂಡತಿ ಅದನ್ನು ಬಿಚ್ಚಿ
ಬಸಳೆ ಚಪ್ಪರಕ್ಕೆ ಅಡ್ಡಡ್ಡ ಕಟ್ಟಿದ್ದಾಳೆ.
ಗಾಳಿಗೆ ಮಿಣಮಿಣ, ಸಣ್ಣಗೆ ಗುಂಯ್ ಅನ್ನುತ್ತದೆ.
ಒಂದು ವಾರ ಪಿಕಳಾರಗಳು ಹತ್ತಿರ ಬರಲಿಲ್ಲ.
ಈಗ ಅಭ್ಯಾಸವಾಗಿದೆ,
ಅದರ ಮೇಲೆಯೇ ಕೂರುತ್ತವೆ.